ವಿದೇಶಿ ಪಾಸ್‌ಪೋರ್ಟ್ ಹಿಡಿದು ಬೆಂಗಳೂರಿಗೆ ವಾಪಸ್: ಓಸಿಐ, ಎಂಟ್ರಿ ವೀಸಾ, ಎಂಪ್ಲಾಯ್‌ಮೆಂಟ್ ವೀಸಾ – ಯಾರಿಗೆ ಯಾವುದು?

ಜಯನಗರದಿಂದ ಹೊರಟು ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದು, ಈಗ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬರುತ್ತಿರುವ ಒಂದು ಸಂಸಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗಂಡ ಅಲ್ಲಿನ ಪೌರತ್ವ ಪಡೆದಿದ್ದಾರೆ. ಹೆಂಡತಿ ಗ್ರೀನ್ ಕಾರ್ಡಿನಲ್ಲೇ ಉಳಿದದ್ದರಿಂದ ಅವರ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿದವರು. ಮನೆ ಒಂದೇ, ಅಡುಗೆ ಒಂದೇ. ಕಾನೂನಿನ ಕಣ್ಣಿಗೆ ಮಾತ್ರ ಹೆಂಡತಿ ಈ ದೇಶದ ಪ್ರಜೆ, ಉಳಿದ ಮೂವರು ವಿದೇಶೀಯರು. 'ನಮ್ಮ ಫ್ಯಾಮಿಲಿಗೆ ಯಾವ ವೀಸಾ ಒಳ್ಳೆಯದು' ಎಂಬ ಪ್ರಶ್ನೆಗೆ ಆದ್ದರಿಂದಲೇ ಒಂದು ಉತ್ತರ ಸಿಗುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ನೋಡಬೇಕು. ಒಂದು ಕಾಗದ ಇನ್ನೊಂದನ್ನು ಕೇಳುವುದರಿಂದ ಯಾವುದನ್ನು ಮೊದಲು ಮಾಡಿಸಬೇಕು ಅನ್ನುವುದೂ ಅಷ್ಟೇ ಮುಖ್ಯ.

ಹಳೆಯ ಪಾಸ್‌ಪೋರ್ಟಿನ ಋಣ ಮೊದಲು ತೀರಿಸಿ

ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಅದನ್ನೇ. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ವರ್ಷ ಅವಧಿ ಇದೆ ಎಂದು ಅದರಲ್ಲೇ ಒಂದು ಸಲ ಓಡಾಡಿಬಿಡುವವರಿದ್ದಾರೆ. ಅದು ಅಪರಾಧ, ಮುಂದೆ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಅರ್ಜಿ ಹಾಕಿದಾಗ ಪ್ರಯಾಣದ ಮೊಹರುಗಳೇ ಸಾಕ್ಷಿ ಹೇಳುತ್ತವೆ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು ಎಲ್ಲಕ್ಕಿಂತ ಮೊದಲ ಕೆಲಸ. ಅದಿಲ್ಲದೆ ಓಸಿಐ ಇಲ್ಲ. 2010ರ ಜೂನ್ 1ಕ್ಕೆ ಮುಂಚೆ ವಿದೇಶಿ ಪೌರತ್ವ ಪಡೆದವರಿಗೆ ನಿಯಮ ಸಡಿಲ. ರದ್ದು ಮೊಹರು ಬಿದ್ದ ಹಳೆಯ ಪಾಸ್‌ಪೋರ್ಟ್ ಇದ್ದರೆ ನಡೆಯುತ್ತದೆ. ಆ ದಿನದ ನಂತರದವರು ಮೂರು ವರ್ಷ ದಾಟಿಸಿ ಇಟ್ಟುಕೊಂಡಿದ್ದರೆ ದಂಡ ಕಟ್ಟಬೇಕಾಗುತ್ತದೆ. ಒಪ್ಪಿಸುವ ಮುಂಚೆ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ತಂದೆ-ತಾಯಿ ಮತ್ತು ಸಂಗಾತಿಯ ಹೆಸರಿರುವ ಕೊನೆಯ ಪುಟವನ್ನು ವಿಶೇಷವಾಗಿ. ಆ ಪುಟವನ್ನು ಮುಂದೆ ಮಕ್ಕಳ ಅರ್ಜಿಗೂ ಕೇಳುತ್ತಾರೆ.

ಓಸಿಐ: ಅರ್ಹತೆ ಇದ್ದರೆ ಬೇರೆ ಯೋಚನೆ ಬೇಡ

ಅರ್ಹತೆಯ ವಲಯ ದೊಡ್ಡದು. 1950ರ ಜನವರಿ 26ರಂದು ಅಥವಾ ಆಮೇಲೆ ಭಾರತದ ಪ್ರಜೆಯಾಗಿದ್ದವರು, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಬರುತ್ತಾರೆ. ಭಾರತದ ಪ್ರಜೆಯ ಅಥವಾ ಓಸಿಐ ಹೊಂದಿದವರ ವಿದೇಶಿ ಮೂಲದ ಗಂಡ ಅಥವಾ ಹೆಂಡತಿಗೂ ಉಂಟು. ಆದರೆ ಮದುವೆ ನೋಂದಣಿಯಾಗಿರಬೇಕು, ಅರ್ಜಿಯ ಹೊತ್ತಿಗೆ ಎರಡು ವರ್ಷ ತುಂಬಿರಬೇಕು, ವಿಚ್ಛೇದನವಾದರೆ ಕಾರ್ಡ್ ರದ್ದಾಗಬಹುದು. ತಂದೆ-ತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಈ ಬಾಗಿಲು ಮುಚ್ಚಿದೆ.

ಸಿಗುವುದೇನು? ಜೀವನಪರ್ಯಂತ ಎಷ್ಟು ಸಲವಾದರೂ ಬಂದುಹೋಗುವ ವೀಸಾ, ಎಷ್ಟು ದಿನ ಇದ್ದರೂ ಎಫ್‌ಆರ್‌ಆರ್‌ಓ (ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿ) ನೋಂದಣಿಯಿಂದ ವಿನಾಯಿತಿ, ಖಾಸಗಿ ಕೆಲಸಕ್ಕೆ ಬೇರೆ ವೀಸಾ ಬೇಡ. ಮನೆ, ಫ್ಲ್ಯಾಟು, ಸೈಟು ಕೊಳ್ಳಬಹುದು. ಸಿಗದಿರುವುದು ಮತದಾನ ಮತ್ತು ಸರ್ಕಾರಿ ಹುದ್ದೆ. ಜೊತೆಗೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿ. ಈ ಕೊನೆಯದರಲ್ಲಿ ಬೆಂಗಳೂರಿನ ಸುತ್ತ ಬಹಳ ಜನ ಎಡವುತ್ತಾರೆ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಿತಲ್ಲ, ಅದನ್ನು ನಂಬಿ ಕನಕಪುರ ರಸ್ತೆಯಲ್ಲಿ ಎರಡು ಎಕರೆಗೆ ಅಡ್ವಾನ್ಸ್ ಕೊಡುತ್ತಾರೆ. ಓಸಿಐಯವರನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ರಾಜ್ಯದ ತಿದ್ದುಪಡಿ ಅದನ್ನು ಮುಟ್ಟಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ.

2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಇನ್ನೊಂದಿಷ್ಟು ಇದೆ. ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣಕ್ಕೆ ವಿಶೇಷ ಅನುಮತಿ ಬೇಕು. ಐಐಎಸ್‌ಸಿಯಲ್ಲೋ ಎನ್‌ಸಿಬಿಎಸ್‌ನಲ್ಲೋ ಸಂಶೋಧನೆಗೆ ಬರುವವರು ಓಸಿಐ ಇದೆಯಲ್ಲ ಎಂದು ಸುಮ್ಮನಿರದೆ ಇದನ್ನು ಮೊದಲೇ ಮಾಡಿಸಿಕೊಳ್ಳಲಿ. ಇಲ್ಲೇ ನೆಲೆಸಿದವರು ಕಾಯಂ ವಿಳಾಸವನ್ನೋ ಉದ್ಯೋಗವನ್ನೋ ಬದಲಿಸಿದರೆ ಎಫ್‌ಆರ್‌ಆರ್‌ಓಗೆ ಈಮೇಲ್‌ನಲ್ಲಿ ತಿಳಿಸಬೇಕು ಎಂಬುದೂ ಅದೇ ಅಧಿಸೂಚನೆಯಲ್ಲಿದೆ. ಇದನ್ನು ಮಾಡುವವರು ಕಡಿಮೆ. ಮಾಡುವುದಕ್ಕೆ ಐದು ನಿಮಿಷ ಸಾಕು.

ಅರ್ಜಿ ಎಲ್ಲಿ ಹಾಕಬೇಕು ಎಂಬುದೇ ನಿಜವಾದ ಆಯ್ಕೆ. ವಿದೇಶದಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 275 ಡಾಲರ್, ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಸೇವಾಶುಲ್ಕ. ಭಾರತದಲ್ಲಿ ಹಾಕಿದರೆ 15,000 ರೂಪಾಯಿ. ಇಲ್ಲಿ ಅಗ್ಗ ಎಂದು ಕಾಣುತ್ತದೆ, ಆದರೆ ಎರಡು ತೊಡಕುಗಳಿವೆ. ಇಲ್ಲಿ ಅರ್ಜಿ ಹಾಕುವವರು ಸರಿಯಾದ ವೀಸಾದ ಮೇಲೆ ಬಂದು ಆರು ತಿಂಗಳು ಸತತವಾಗಿ ನೆಲೆಸಿದವರಾಗಿರಬೇಕು. ಪ್ರವಾಸಿ ವೀಸಾದಲ್ಲಿ ಇಳಿದು ಶಾಂತಿನಗರದ ಎಫ್‌ಆರ್‌ಆರ್‌ಓ ಕಚೇರಿಗೆ ಹೋಗಿ ಓಸಿಐ ಮಾಡಿಸಿಕೊಳ್ಳೋಣ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಇನ್ನೊಂದು, ವಿದೇಶದಲ್ಲಿ ಕೊಟ್ಟ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರಗಳನ್ನು ಇಲ್ಲಿ ತೋರಿಸಬೇಕಾದರೆ ಅಪಾಸ್ಟಿಲ್ ಬೇಕು, ಅಂದರೆ ಆ ಪತ್ರ ಅಸಲಿ ಎಂದು ಅದನ್ನು ಕೊಟ್ಟ ದೇಶವೇ ಹಾಕುವ ದೃಢೀಕರಣ. ಅಮೆರಿಕದಲ್ಲಿ ಅಪಾಸ್ಟಿಲ್ ಮಾಡುವುದು ಆ ಪತ್ರ ಕೊಟ್ಟ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಮಗು ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಈಗಿರುವುದು ಬನಶಂಕರಿಯಲ್ಲಿ ಎಂದರೆ ಆ ಕಾಗದ ಅಂಚೆಯಲ್ಲಿ ಹೋಗಿ ಬರುವಷ್ಟರಲ್ಲಿ ವೀಸಾದ ದಿನಗಳು ಕರಗಿರುತ್ತವೆ. ಕೆನಡಾ ಅಪಾಸ್ಟಿಲ್ ಒಪ್ಪಂದಕ್ಕೆ ಬಂದದ್ದೇ 2024ರ ಜನವರಿಯಲ್ಲಿ. ಹಳೆಯ ಸಲಹೆ ಕೇಳಿಕೊಂಡು ಅಲ್ಲಿನ ಭಾರತೀಯ ಕಾನ್ಸುಲೇಟಿನ ದೃಢೀಕರಣಕ್ಕೆ ಅಲೆಯುವವರು ಇನ್ನೂ ಇದ್ದಾರೆ. ಸಾಮಾನು ಹಡಗಿಗೆ ಹಾಕುವ ಮುಂಚೆಯೇ ಓಸಿಐ ಕೈಗೆ ಬರುವ ಹಾಗೆ ಅಲ್ಲೇ ಅರ್ಜಿ ಹಾಕಿ. ಏನೇ ಆದರೂ ಮಕ್ಕಳ ಜನನ ಪ್ರಮಾಣಪತ್ರದ ಎರಡು ಮೂಲ ಪ್ರತಿ ತೆಗೆಸಿ, ಒಂದಕ್ಕೆ ಅಪಾಸ್ಟಿಲ್ ಹಾಕಿಸಿಕೊಂಡೇ ವಿಮಾನ ಹತ್ತಿ. ಶಾಲೆ, ಆಧಾರ್ ಎಲ್ಲೆಡೆಯೂ ಅದನ್ನು ಕೇಳುತ್ತಾರೆ.

ಅರ್ಜಿ ತಿರಸ್ಕಾರವಾಗುವುದು ದೊಡ್ಡ ಕಾರಣಕ್ಕಲ್ಲ. ಫೋಟೋ ಚೌಕವಾಗಿರಬೇಕು, 51 ಮಿಲಿಮೀಟರ್ ಅಗಲ, ಅಷ್ಟೇ ಎತ್ತರ. ಇಲ್ಲಿನ ಸ್ಟುಡಿಯೋದಲ್ಲಿ 'ಪಾಸ್‌ಪೋರ್ಟ್ ಸೈಜ್' ಎಂದರೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ್ದನ್ನು ಕೊಡುತ್ತಾರೆ, ಅದನ್ನು ಎಳೆದು ಚೌಕ ಮಾಡಿದರೆ ಮುಖ ಅಗಲವಾಗಿ ಕಾಣುತ್ತದೆ, ವಾಪಸ್ ಬರುತ್ತದೆ. ಸಹಿಯ ಚಿತ್ರದ ಅಗಲ ಎತ್ತರದ ಮೂರರಷ್ಟಿರಬೇಕು. ಬಿಳಿ ಹಾಳೆಯ ಮೇಲೆ ಕಪ್ಪು ಇಂಕಿನಲ್ಲಿ ಸಹಿ ಹಾಕಿ, ಸುತ್ತ ಸ್ವಲ್ಪ ಜಾಗ ಬಿಟ್ಟು ಕತ್ತರಿಸಿ. ಅಂಚಿಗೆ ತಾಗಿದರೆ ಕಾರ್ಡಿನಲ್ಲಿ ಅರ್ಧ ಸಹಿ ಅಚ್ಚಾಗುತ್ತದೆ. ಸಹಿ ಬಾರದ ಮಗುವಾದರೆ ಹೆಬ್ಬೆಟ್ಟಿನ ಗುರುತು. ಮಕ್ಕಳ ಅರ್ಜಿಗೆ ತಂದೆ-ತಾಯಿ ಇಬ್ಬರ ಸಹಿಯೂ ಬೇಕು, ಒಬ್ಬರದನ್ನು ಇನ್ನೊಬ್ಬರು ಹಾಕಿದರೆ ಪಾಸ್‌ಪೋರ್ಟಿನ ಸಹಿಯ ಜೊತೆ ಹೋಲಿಸಿ ಹಿಡಿಯುತ್ತಾರೆ.

ಮೂಲ ಸಾಬೀತುಪಡಿಸಲು ಹಳೆಯ ಭಾರತೀಯ ಪಾಸ್‌ಪೋರ್ಟಿಗಿಂತ ಗಟ್ಟಿ ಕಾಗದ ಇಲ್ಲ. ಅಜ್ಜನ ಕಡೆಯಿಂದ ಅರ್ಹತೆ ತೋರಿಸುವವರಿಗೆ ಕಷ್ಟ ಜಾಸ್ತಿ, ಏಕೆಂದರೆ ತುಮಕೂರಿನ ಹಳ್ಳಿಯ ಅಜ್ಜನಿಗೆ ಪಾಸ್‌ಪೋರ್ಟ್ ಇದ್ದಿರುವುದಿಲ್ಲ. ಆಗ ನಾಡಕಚೇರಿಯಿಂದ ಪಡೆಯುವ ವಾಸಸ್ಥಳ ದೃಢೀಕರಣ ಪತ್ರದಂಥವು ನೆರವಿಗೆ ಬರುತ್ತವೆ. ಅಜ್ಜನಿಂದ ಅಪ್ಪ, ಅಪ್ಪನಿಂದ ನೀವು ಎಂಬ ಎರಡು ಕೊಂಡಿಗೂ ಒಂದೊಂದು ಜನನ ಪ್ರಮಾಣಪತ್ರ ಜೋಡಿಸಬೇಕು.

ಇನ್ನೊಂದು ಅನುಕೂಲ: 2025ರ ಜನವರಿಯಿಂದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಬಂದಿರುವ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಗೇಟುಗಳು ಓಸಿಐಯವರಿಗೂ ತೆರೆದಿವೆ, ನೋಂದಣಿಗೆ ಶುಲ್ಕವಿಲ್ಲ.

ಎಚ್.ಎಸ್. ನಾಗೇಂದ್ರರ ಮೂರು ಹೆಸರು

ನಮ್ಮ ಕಡೆಯ ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಹೆಸರಿನಲ್ಲೇ. ಒಂದು ಮಾದರಿ ನೋಡಿ. ಊರು ಹಾಸನ, ತಂದೆ ಶ್ರೀನಿವಾಸಮೂರ್ತಿ, ಮಗ ನಾಗೇಂದ್ರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನಾಗೇಂದ್ರ ಎಚ್.ಎಸ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಹಾಗಾಗಿ ಸರ್‌ನೇಮ್ ಕಾಲಂನಲ್ಲಿ ಹಾಸನ ಶ್ರೀನಿವಾಸಮೂರ್ತಿ. ಅಮೆರಿಕದ ಆಫೀಸಿನಲ್ಲಿ ಇವರು ಮಿಸ್ಟರ್ ಹಾಸನ. ಕಾಲಂ ಖಾಲಿ ಬಿಟ್ಟವರ ಗತಿ ಇನ್ನೂ ಚಂದ: ಇಡೀ ಹೆಸರು ಸರ್‌ನೇಮ್ ಆಗಿ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಕೊನೆಗೆ ಪೌರತ್ವದ ಪ್ರಮಾಣ ಸ್ವೀಕರಿಸುವಾಗ ಬೇಸತ್ತು ನಾಗೇಂದ್ರ ಮೂರ್ತಿ ಎಂದು ಬದಲಿಸಿಕೊಂಡರು. ಈಗ ಮಗಳ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ನಾಗೇಂದ್ರ ಹಾಸನ ಶ್ರೀನಿವಾಸಮೂರ್ತಿ, ತಂದೆಯ ಹೊಸ ಪಾಸ್‌ಪೋರ್ಟಿನಲ್ಲಿ ನಾಗೇಂದ್ರ ಮೂರ್ತಿ, ಪ್ಯಾನ್ ಕಾರ್ಡಿನಲ್ಲಿ ಇನ್ನೂ ನಾಗೇಂದ್ರ ಹಾಸನ ಶ್ರೀನಿವಾಸ.

ಬಿಡಿಸುವ ದಾರಿ ಇಷ್ಟೇ. ಹೊಸ ವಿದೇಶಿ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬುಡ ಎಂದು ಹಿಡಿಯಿರಿ, ಓಸಿಐ ಕಾರ್ಡಿನಲ್ಲಿ ಬರುವುದೂ ಅದೇ. ಪೌರತ್ವದ ಪ್ರಮಾಣಪತ್ರದಲ್ಲೇ ಹೆಸರು ಬದಲಾವಣೆ ದಾಖಲಾಗಿದ್ದರೆ ಅದರ ಪ್ರತಿ, ಇಲ್ಲದಿದ್ದರೆ ಕೋರ್ಟ್ ಆದೇಶ ಜೋಡಿಸಿ. ಅರ್ಜಿಯಲ್ಲಿ 'ಹಿಂದೆ ಬೇರೆ ಹೆಸರಿತ್ತೇ' ಎಂಬ ಪ್ರಶ್ನೆಗೆ ಹೌದು ಎಂದೇ ಬರೆದು ಹಳೆಯ ಹೆಸರನ್ನು ಅಕ್ಷರ ತಪ್ಪದೆ ತುಂಬಿ. ಇಲ್ಲ ಎಂದು ಬರೆದು ಆಮೇಲೆ ಹಳೆಯ ಪಾಸ್‌ಪೋರ್ಟಿನ ಪ್ರತಿ ಲಗತ್ತಿಸಿದರೆ ನೀವೇ ನಿಮ್ಮ ಅರ್ಜಿಗೆ ಆಕ್ಷೇಪಣೆ ಬರೆದಂತೆ. ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಪೂರಕವಾಗಿ ಇರಲಿ, ಅದೊಂದರಿಂದಲೇ ಕೆಲಸ ಆಗುತ್ತದೆ ಅಂದುಕೊಳ್ಳಬೇಡಿ. ಓಸಿಐ ಬಂದ ಮೇಲೆ ಪ್ಯಾನ್ ಹೆಸರು ತಿದ್ದಿಸಿ, ಆಮೇಲೆ ಬ್ಯಾಂಕ್. ಬ್ಯಾಂಕನ್ನು ಮೊದಲು ತಿದ್ದಿಸಲು ಹೋದರೆ ಪ್ಯಾನ್ ಹೊಂದುವುದಿಲ್ಲ ಎಂದು ವಾಪಸ್ ಕಳಿಸುತ್ತಾರೆ.

ಎಂಟ್ರಿ ವೀಸಾ: ಓಸಿಐಗೆ ಕಾಯಲಾಗದವರಿಗೆ

ಅಮ್ಮನಿಗೆ ಹುಷಾರಿಲ್ಲ, ಓಸಿಐ ಬರುವವರೆಗೆ ಕಾಯುವಂತಿಲ್ಲ. ಅಥವಾ ಮದುವೆಯಾಗಿ ಒಂದೇ ವರ್ಷವಾಗಿದೆ, ವಿದೇಶಿ ಹೆಂಡತಿಗೆ ಎರಡು ವರ್ಷದ ಷರತ್ತು ತುಂಬಿಲ್ಲ. ಇಂಥವರಿಗೆ ಎಂಟ್ರಿ ವೀಸಾ. ಎಕ್ಸ್ ವೀಸಾ ಎಂದೂ ಕರೆಯುತ್ತಾರೆ. ಭಾರತೀಯ ಮೂಲದವರಿಗೆ, ಭಾರತೀಯರ ಮತ್ತು ಓಸಿಐಯವರ ಸಂಗಾತಿ-ಮಕ್ಕಳಿಗೆ ಐದು ವರ್ಷದವರೆಗೂ ಕೊಡುತ್ತಾರೆ. ಉದ್ಯೋಗ ಮಾಡುವಂತಿಲ್ಲ. ಇಲ್ಲಿ ನೆಲೆಸಿ ಆಮೇಲೆ ಓಸಿಐಗೆ ಅರ್ಜಿ ಹಾಕಲು ಇದೇ ಮೆಟ್ಟಿಲು.

ಇ-ಟೂರಿಸ್ಟ್ ವೀಸಾ ಇದರ ಬದಲಿಗೆ ಆಗದು. ಅಗ್ಗ, ಮನೆಯಲ್ಲೇ ಕೂತು ಪಡೆಯಬಹುದು, ಐದು ವರ್ಷದ್ದೂ ಇದೆ, ಎಲ್ಲ ಸರಿ. ಆದರೆ ಅದನ್ನು ಇಲ್ಲಿ ವಿಸ್ತರಿಸಲಾಗದು, ಬೇರೆ ವೀಸಾಗೆ ಬದಲಿಸಲಾಗದು. ಐದು ವರ್ಷದ ವೀಸಾ ಎಂದರೆ ಐದು ವರ್ಷ ಇರಬಹುದು ಎಂದು ತಿಳಿದವರು ದಂಡ ಕಟ್ಟಿ ಹೋಗುತ್ತಾರೆ.

ಎಂಟ್ರಿ ವೀಸಾದವರ ಕೆಲಸ ವಿಮಾನ ಇಳಿದ ಮೇಲೆ ಶುರು. ವೀಸಾದಲ್ಲಿ ನೋಂದಣಿಯ ಷರತ್ತು ಇದ್ದರೆ 14 ದಿನದೊಳಗೆ ಇ-ಎಫ್‌ಆರ್‌ಆರ್‌ಓ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. 2018ರಿಂದ ಎಲ್ಲ ಆನ್‌ಲೈನ್, ಕರೆಸಿದರೆ ಮಾತ್ರ ಶಾಂತಿನಗರದ ಕೆ.ಎಚ್. ರಸ್ತೆಯ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ ಹೋಗಬೇಕು. ಅಪ್‌ಲೋಡ್ ಮಾಡಬೇಕಾದವು ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ, ವಿಮಾನ ನಿಲ್ದಾಣದ ಆಗಮನ ಮೊಹರಿನ ಪುಟ, ಫೋಟೋ, ವಿಳಾಸದ ದಾಖಲೆ, ಸಂಬಂಧ ತೋರಿಸುವ ಪತ್ರ. ಮೊಹರಿನ ಇಂಕು ಮಸುಕಾಗಿದ್ದರೆ ಕೌಂಟರಿನಲ್ಲೇ ಇನ್ನೊಮ್ಮೆ ಹಾಕಿಸಿಕೊಳ್ಳಿ, ದೇವನಹಳ್ಳಿಗೆ ಮತ್ತೆ ಹೋಗಿ ಕೇಳಲಾಗುವುದಿಲ್ಲ.

ವಿಳಾಸದ ದಾಖಲೆಯಲ್ಲಿ ಬೆಂಗಳೂರಿನದೇ ಗೋಳಿದೆ. ಇಲ್ಲಿನ ಬಾಡಿಗೆ ಕರಾರು 11 ತಿಂಗಳದು, ಒಂದು ವರ್ಷ ದಾಟಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕಲ್ಲ, ಅದನ್ನು ತಪ್ಪಿಸಲು. ಇ-ಸ್ಟ್ಯಾಂಪ್ ಪೇಪರಿನ ಮೇಲೆ ಟೈಪಾಗಿ ಬಂದ ಕರಾರಿನಲ್ಲಿ ಗಂಡನ ಹೆಸರು ಮಾತ್ರ ಇರುತ್ತದೆ, ಅದೂ ನಾಗೇಂದ್ರ ಎಚ್.ಎಸ್. ಎಂದು. ಹೆಂಡತಿಯ ನೋಂದಣಿಗೆ ಅದು ಸಾಲದು. ವಯಸ್ಕರೆಲ್ಲರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿರುವಂತೆ ಬರೆಸಿ, ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿ, ಕೊನೆಗೆ ನೋಟರಿ ಮಾಡಿಸಿ. ಮಾಲೀಕರ ಗುರುತಿನ ಚೀಟಿಯ ಜೆರಾಕ್ಸ್ ಮತ್ತು ಬೆಸ್ಕಾಂ ಬಿಲ್ ಇಸ್ಕೊಳ್ಳಿ, ಬಿಲ್ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಅಪ್ಪನ ಮನೆಯಲ್ಲೇ ಇರುವವರಿಗೆ ಕರಾರು ಇರುವುದಿಲ್ಲ. ಅಪ್ಪನ ಹೆಸರಿನ ಕರೆಂಟ್ ಬಿಲ್, ಅವರ ಗುರುತಿನ ಚೀಟಿ, 'ನನ್ನ ಮಗ ನನ್ನ ಮನೆಯಲ್ಲಿ ವಾಸವಿದ್ದಾನೆ' ಎಂಬ ಸಹಿ ಮಾಡಿದ ಪತ್ರ ಬೇಕು. ಬಿಲ್ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಬರುತ್ತಿದ್ದರೆ ಈಗಲೇ ಬದಲಿಸಲು ಅರ್ಜಿ ಹಾಕಿ. ಮಲ್ಲೇಶ್ವರ, ಬಸವನಗುಡಿಯ ಹಳೆಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ.

ಮನೆ ಮಾಲೀಕರ ಪಾಲಿನದೂ ಒಂದಿದೆ. ವಿದೇಶೀಯರನ್ನು ಇರಿಸಿಕೊಂಡವರು ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು, ಹಳಬರು ಸಿ-ಫಾರ್ಮ್ ಎನ್ನುವುದು ಇದನ್ನೇ. ಹೋಟೆಲಿನವರಿಗೆ ಇದು ನಿತ್ಯದ ಕೆಲಸ. ಎಪ್ಪತ್ತು ದಾಟಿದ ಮಾಲೀಕರಿಗೆ ಮಾತ್ರ 'ನಮ್ಮ ಹುಡುಗನೇ ಬಂದಿರೋದು, ಪೊಲೀಸರಿಗೆ ಯಾಕೆ ಹೇಳಬೇಕು' ಅನ್ನಿಸುತ್ತದೆ. ಮಾಲೀಕರು ಮೊದಲು ಪೋರ್ಟಲ್‌ನಲ್ಲಿ ಖಾತೆ ತೆರೆಯಬೇಕು, ಕಚೇರಿ ಅದನ್ನು ಒಪ್ಪಿದ ಮೇಲಷ್ಟೇ ಫಾರ್ಮ್ ತುಂಬಲಾಗುವುದು. ಆದ್ದರಿಂದ ಟಿಕೆಟ್ ಬುಕ್ ಆದ ವಾರವೇ ಖಾತೆ ಮಾಡಿಸಿಡಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾಯ್ದೆಗಳ ಜಾಗಕ್ಕೆ ಒಂದೇ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ. ಹಳೆಯ ಫಾರ್ಮಿನ ಹೆಸರು ಹಿಡಿದು ಹುಡುಕುವ ಬದಲು ಪೋರ್ಟಲ್‌ನಲ್ಲಿ ಈಗಿರುವುದನ್ನೇ ತುಂಬಿ.

ನೋಂದಣಿ ಒಪ್ಪಿಗೆಯಾದರೆ ರೆಸಿಡೆನ್ಶಿಯಲ್ ಪರ್ಮಿಟ್ ಪಿಡಿಎಫ್ ರೂಪದಲ್ಲಿ ಬರುತ್ತದೆ. ಮುದ್ರಿಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಮನೆ ಬದಲಿಸಿದರೆ ವಿಳಾಸ ತಿದ್ದಿಸಬೇಕು, ಅವಧಿ ಮುಗಿಯುವ ಎರಡು ತಿಂಗಳು ಮುಂಚೆ ವಿಸ್ತರಣೆಯ ಕಾಗದ ಜೋಡಿಸಲು ಕೂರಬೇಕು. 11 ತಿಂಗಳ ಕರಾರು ಅಷ್ಟರಲ್ಲಿ ಮುಗಿದಿರುತ್ತದೆ ಎಂಬುದು ನೆನಪಿರಲಿ.

ಎಂಪ್ಲಾಯ್‌ಮೆಂಟ್ ವೀಸಾ: ಮೂಲವಿಲ್ಲದವರಿಗೆ

ಭಾರತೀಯ ಮೂಲದವರು ಇದರ ಕಡೆ ನೋಡುವ ಅಗತ್ಯವೇ ಬಹುತೇಕ ಇಲ್ಲ. ವೈಟ್‌ಫೀಲ್ಡಿನ ಕಂಪನಿಗೆ ಬರುವ ಜರ್ಮನ್ ಎಂಜಿನಿಯರಿಗೆ, ಕೊರಿಯದ ಮ್ಯಾನೇಜರಿಗೆ ಇದು. ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು ಮುಂತಾದವರಿಗೆ ವಿನಾಯಿತಿ. ವೀಸಾ ಅಂಟಿಕೊಂಡಿರುವುದು ಕಂಪನಿಗೆ. ಕೆಲಸ ಬಿಟ್ಟು ಎದುರಿನ ಕಟ್ಟಡದ ಕಂಪನಿಗೆ ಸೇರಬೇಕೆಂದರೂ ದೇಶ ಬಿಟ್ಟು ಹೋಗಿ ಹೊಸ ವೀಸಾದಲ್ಲಿ ಬರಬೇಕು, ಅದೇ ಗ್ರೂಪಿನೊಳಗಿನ ಬದಲಾವಣೆಗೆ ಮಾತ್ರ ಅವಕಾಶ. ಸಂಸಾರಕ್ಕೆ ಸಿಗುವುದು ಎಂಟ್ರಿ ವೀಸಾ, ಅಂದರೆ ಸಂಗಾತಿಗೆ ಕೆಲಸವಿಲ್ಲ. ಎಫ್‌ಆರ್‌ಆರ್‌ಓ ನೋಂದಣಿ ಮೇಲೆ ಹೇಳಿದಂತೆಯೇ. ಕಂಪನಿಯ ಎಚ್‌ಆರ್ ಮಾಡಿಸುತ್ತಾರೆ, ಆದರೆ ತಡವಾದರೆ ದಂಡ ಬೀಳುವುದು ನಿಮ್ಮ ಹೆಸರಿಗೆ.

ಓಸಿಐಯವರಿಗೂ ತಾಗುವ ಒಂದು ವಿಷಯ ಇಲ್ಲಿದೆ. 2008ರಿಂದ ವಿದೇಶಿ ಪಾಸ್‌ಪೋರ್ಟಿನ ಉದ್ಯೋಗಿಗಳನ್ನು ಪಿಎಫ್ ಲೆಕ್ಕದಲ್ಲಿ 'ಅಂತರರಾಷ್ಟ್ರೀಯ ಕಾರ್ಮಿಕ' ಎನ್ನುತ್ತಾರೆ. 15,000 ರೂಪಾಯಿಯ ಮಿತಿ ಇವರಿಗಿಲ್ಲ, ಪೂರ್ತಿ ವೇತನದ ಮೇಲೆ ಕಡಿತ. ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಈ ವಿಶೇಷ ನಿಯಮವನ್ನು ಅಸಾಂವಿಧಾನಿಕ ಎಂದು ತಳ್ಳಿಹಾಕಿತು. ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಕಂಪನಿ ಈಗ ಹೇಗೆ ಕಡಿಯುತ್ತಿದೆ ಎಂದು ಕೇಳಿ, ಕೈಗೆ ಬರುವ ಸಂಬಳದಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ.

ಗುರುತಿನ ಚೀಟಿಗಳು: ಆಧಾರ್‌ಗೆ ದಿನ ಎಣಿಸಬೇಕು

ವಿದೇಶಿ ಪ್ರಜೆಗೂ ಆಧಾರ್ ಸಿಗುತ್ತದೆ, ಪೌರತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇಕಾದ್ದು ವಾಸ: ಅರ್ಜಿಯ ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಜೂನ್ 1ರಂದು ಬಂದಿಳಿದು ಎಲ್ಲೂ ಹೋಗದಿದ್ದರೆ 182ನೇ ದಿನ ನವೆಂಬರ್ 29. ಹಿಂದಿನ ಡಿಸೆಂಬರಿನಲ್ಲಿ ರಜೆಗೆ ಬಂದಿದ್ದರೆ ಆ ದಿನಗಳೂ ಸೇರುತ್ತವೆ, ಆದರೆ 12 ತಿಂಗಳ ಕಿಟಕಿ ಮುಂದೆ ಸರಿದ ಹಾಗೆ ಅವು ಉದುರುತ್ತವೆ. ಇದೇ ಮನೆಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವ ಹೆಂಡತಿ ಬಂದ ಮರುದಿನವೇ ಅರ್ಜಿ ಹಾಕಬಹುದು, ಆಕೆಗೆ ದಿನದ ಲೆಕ್ಕವಿಲ್ಲ.

ವಯಸ್ಕ ವಿದೇಶಿ ನಿವಾಸಿಗಳ ಅರ್ಜಿ ಫಾರ್ಮ್ 7. ಕೇಂದ್ರದಲ್ಲಿ ಎಲ್ಲರಿಗೂ ಕೊಡುವ ಫಾರ್ಮ್ 1 ತುಂಬಿಸಿದರೆ 'ಭಾರತೀಯ ನಿವಾಸಿ' ಎಂದು ದಾಖಲಾಗುತ್ತದೆ, ಆಮೇಲೆ ಪಾಸ್‌ಪೋರ್ಟ್ ಹೊಂದದೆ ತಿರಸ್ಕಾರ. ಬೀದಿ ಬದಿಯ ಚಿಕ್ಕ ಕೇಂದ್ರಗಳಲ್ಲಿ ಈ ಗೊಂದಲ ಹೆಚ್ಚು, ದೊಡ್ಡ ಆಧಾರ್ ಸೇವಾ ಕೇಂದ್ರಕ್ಕೇ ಹೋಗಿ. ವಿದೇಶಿ ಪಾಸ್‌ಪೋರ್ಟ್, ಓಸಿಐ ಅಥವಾ ವೀಸಾ ಮತ್ತು ರೆಸಿಡೆನ್ಶಿಯಲ್ ಪರ್ಮಿಟ್, ವಿಳಾಸದ ದಾಖಲೆ ಮೂಲಪ್ರತಿಯಲ್ಲೇ ಒಯ್ಯಿರಿ. ನೋಂದಣಿ ಉಚಿತ. ಆಪರೇಟರ್ ಟೈಪ್ ಮಾಡುವಾಗ ನಿಮ್ಮ ಕಡೆಯ ಪರದೆ ನೋಡುತ್ತಿರಿ. ಕನ್ನಡದಲ್ಲಿ ಹೆಸರು ತಾನಾಗಿ ಲಿಪ್ಯಂತರವಾಗುವಾಗ 'ನಾಗೇಂದ್ರ' ಹೋಗಿ 'ನಗೇಂದ್ರ' ಆಗಿರುತ್ತದೆ. ರಸೀದಿಯ ಮೇಲಿನ 14 ಅಂಕಿಯ ನೋಂದಣಿ ಸಂಖ್ಯೆ ಮತ್ತು ಅದರ ಪಕ್ಕದ ದಿನಾಂಕ-ಸಮಯ, ಎರಡನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಥಿತಿ ನೋಡಲು ಎರಡೂ ಬೇಕು.

ಓಸಿಐಯವರ ಆಧಾರ್ ಅವಧಿ 10 ವರ್ಷ. ವೀಸಾದವರದು ವೀಸಾ ಇರುವಷ್ಟು ದಿನ ಮಾತ್ರ. ಓಸಿಐಗೂ ಎಂಟ್ರಿ ವೀಸಾಗೂ ನಡುವಿನ ಈ ವ್ಯತ್ಯಾಸ ಬಂದವರಿಗೆ ತಡವಾಗಿ ಗೊತ್ತಾಗುತ್ತದೆ: ವೀಸಾ ವಿಸ್ತರಿಸಿದಾಗಲೆಲ್ಲ ಆಧಾರ್ ಹಿಂದೆಯೂ ಓಡಬೇಕು.

ಪ್ಯಾನ್‌ಗೆ ದಿನದ ಷರತ್ತಿಲ್ಲ. ಭಾರತೀಯರಾಗಿದ್ದಾಗ ಮಾಡಿಸಿದ ಪ್ಯಾನ್ ಇದ್ದರೆ ಅದೇ ಮುಂದುವರಿಯಬೇಕು, ಹೊಸದು ಮಾಡಿಸಿದರೆ ಎರಡು ಪ್ಯಾನ್ ಇಟ್ಟುಕೊಂಡ ತಪ್ಪಿಗೆ 10,000 ರೂಪಾಯಿ ದಂಡ. ಹೊಸದಾಗಿ ಮಾಡಿಸುವ ವಿದೇಶಿ ಪ್ರಜೆಗಳಿಗೆ ಅರ್ಜಿ ನಮೂನೆಯೇ ಬೇರೆ. ಪ್ಯಾನ್-ಆಧಾರ್ ಜೋಡಣೆಯಿಂದ ಭಾರತದ ಪ್ರಜೆಯಲ್ಲದವರಿಗೆ ವಿನಾಯಿತಿ ಇದೆ. ಆದರೂ 2023ರಲ್ಲಿ ಎಷ್ಟೋ ಜನರ ಪ್ಯಾನ್ ನಿಷ್ಕ್ರಿಯವಾಯಿತು, ಇಲಾಖೆಯ ದಾಖಲೆಯಲ್ಲಿ ಅವರು ಇನ್ನೂ ಭಾರತೀಯ ನಿವಾಸಿಗಳೆಂದೇ ಇದ್ದದ್ದರಿಂದ. ನಿಮ್ಮ ಸ್ಥಿತಿ ಏನೆಂದು ತೋರಿಸುತ್ತಿದೆ ಎಂದು ಬರುವ ಮುಂಚೆಯೇ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ, ತಪ್ಪಿದ್ದರೆ ತೆರಿಗೆ ಅಧಿಕಾರಿಗೆ ಪಾಸ್‌ಪೋರ್ಟ್ ಪ್ರತಿಯೊಂದಿಗೆ ಬರೆಯಿರಿ.

ಮಕ್ಕಳದು

16 ತುಂಬದ ಮಕ್ಕಳಿಗೆ ಅಮೆರಿಕ ಕೊಡುವ ಪಾಸ್‌ಪೋರ್ಟ್ ಐದೇ ವರ್ಷದ್ದು. ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಓಸಿಐ ಕಾರ್ಡೂ ಹೊಸದಾಗಬೇಕು ಎಂಬ ಹಳೆಯ ನಿಯಮ 2021ರಲ್ಲಿ ಹೋಯಿತು. ಈಗ 20 ವರ್ಷದವರೆಗೆ ಪ್ರತಿ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಹೊಸ ಫೋಟೋವನ್ನು ಮೂರು ತಿಂಗಳೊಳಗೆ ಓಸಿಐ ಪೋರ್ಟಲ್‌ಗೆ ಅಪ್‌ಲೋಡ್ ಮಾಡಿದರೆ ಸಾಕು, ಶುಲ್ಕವಿಲ್ಲ. 20 ತುಂಬಿದ ಮೇಲೆ ಬರುವ ಮೊದಲ ಪಾಸ್‌ಪೋರ್ಟಿಗೆ ಒಮ್ಮೆ ಕಾರ್ಡ್ ಮರುಮುದ್ರಣ. ಮತ್ತೆ 50 ದಾಟಿದ ಮೇಲೆ ಒಂದು ಸಲ ಅಪ್‌ಲೋಡ್.

ಬೆಂಗಳೂರಿನಲ್ಲೇ ಹುಟ್ಟುವ ಮಗು? ತಂದೆ-ತಾಯಿಯಲ್ಲಿ ಒಬ್ಬರು ಭಾರತದ ಪ್ರಜೆ, ಇನ್ನೊಬ್ಬರು ಕಾನೂನುಬದ್ಧವಾಗಿ ಇಲ್ಲಿರುವ ವಿದೇಶಿ ಎಂದರೆ ಮಗು ಹುಟ್ಟಿನಿಂದಲೇ ಭಾರತೀಯ. ಇಬ್ಬರೂ ಓಸಿಐ ಆಗಿದ್ದರೆ ಅಲ್ಲ. ಆಗ ಕಾರ್ಪೊರೇಷನ್ನಿನ ಜನನ ಪ್ರಮಾಣಪತ್ರ, ಆಮೇಲೆ ವಿದೇಶಿ ಪಾಸ್‌ಪೋರ್ಟ್, ಅದು ಬಂದ ತಕ್ಷಣ ಇ-ಎಫ್‌ಆರ್‌ಆರ್‌ಓನಲ್ಲಿ ವೀಸಾ, ಅನಂತರ ಓಸಿಐ. ಅಜ್ಜಿಯನ್ನು ನೋಡಿಸಲು ಮೂರನೇ ತಿಂಗಳಿಗೆ ಸಿಂಗಪುರದ ಟಿಕೆಟ್ ಮಾಡಿಸಬೇಡಿ. ವೀಸಾ ಇಲ್ಲದ ಹಸುಗೂಸನ್ನು ಇಮಿಗ್ರೇಷನ್ ಕೌಂಟರ್ ಬಿಡುವುದಿಲ್ಲ.

ದೊಡ್ಡ ಮಕ್ಕಳಿದ್ದರೆ ನೀಟ್ ಯೋಚಿಸಿ. 2021ರ ಅಧಿಸೂಚನೆಯಿಂದ ಓಸಿಐ ಮಕ್ಕಳಿಗೆ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟು ಮಾತ್ರ. ಸುಪ್ರೀಂ ಕೋರ್ಟ್ 2023ರಲ್ಲಿ ಇದು 2021ರ ಮಾರ್ಚ್ 4ರ ನಂತರ ಓಸಿಐ ಪಡೆದವರಿಗಷ್ಟೇ ಅನ್ವಯ ಎಂದಿತು. ಮಗುವಿನ ಕಾರ್ಡಿನ ಮೇಲಿನ ದಿನಾಂಕ ಹೀಗೆ ಲಕ್ಷಾಂತರ ರೂಪಾಯಿಯ ಪ್ರಶ್ನೆ. ಮರುಮುದ್ರಣವಾದರೂ ಹಳೆಯ ಕಾರ್ಡಿನ ಪ್ರತಿ ಜೋಪಾನವಾಗಿಡಿ.

ಪೌರತ್ವವನ್ನೇ ವಾಪಸ್ ಪಡೆಯುವುದು

ಜಮೀನು ಕೊಳ್ಳಬೇಕು, ಮತ ಹಾಕಬೇಕು, ಇನ್ನು ಹೊರಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದವರಿಗೆ ಇದೂ ಒಂದು ದಾರಿ. ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದವರು ಪೌರತ್ವ ಕಾಯ್ದೆಯ 5ನೇ ಸೆಕ್ಷನ್ ಅಡಿ ನೋಂದಣಿ ಕೇಳಬಹುದು. ಹಿಂದೆ ಭಾರತದ ಪ್ರಜೆಯಾಗಿದ್ದವರಿಗೆ ಅದೇ ಸೆಕ್ಷನ್ನಿನಲ್ಲಿ ಐದು ವರ್ಷ ಕಾಯದ ಇನ್ನೊಂದು ಕಲಮೂ ಇದೆ, 12 ತಿಂಗಳ ವಾಸ ಅದಕ್ಕೂ ಬೇಕು. ಅರ್ಜಿ ಆನ್‌ಲೈನ್, ಕಾಗದಗಳು ಜಿಲ್ಲಾಧಿಕಾರಿಗೆ. ಬೆಂಗಳೂರು ನಗರದವರಿಗೆ ಕೆ.ಜಿ. ರಸ್ತೆಯ ಕಚೇರಿ. ಅಲ್ಲಿಂದ ವಿಚಾರಣೆಯಾಗಿ ರಾಜ್ಯ, ರಾಜ್ಯದಿಂದ ಕೇಂದ್ರ ಗೃಹ ಸಚಿವಾಲಯ ತಲುಪಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಉತ್ಸಾಹದಲ್ಲಿ ವಿದೇಶಿ ಪೌರತ್ವವನ್ನು ಮೊದಲೇ ಬಿಟ್ಟುಕೊಡಬೇಡಿ: ಸಚಿವಾಲಯದ ಒಪ್ಪಿಗೆ ಪತ್ರ ಬಂದು, ತ್ಯಜಿಸಿದ ದಾಖಲೆ ಕೊಡಿ ಎಂದು ಕೇಳಿದ ಮೇಲೆ ಮಾತ್ರ ಆ ದೇಶದ ಕಾನ್ಸುಲೇಟಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.